ಕೊಸರು

ಪಟ್ಟಿಯಲ್ಲಿ ಮಹಾನಂದಾಳ ಹೆಸರು ಮೂರನೆಯದು. ಟೈಮ್ ಆಫೀಸಿನ ಗಾಜಿಗೆ ಅಂಟಿಸಿದ್ದ ಆ ಹಾಳೆಯನ್ನು ಅವಳು ಒಂದೇ ದಿನದಲ್ಲಿ ನಾಲ್ಕು ಸಲ ಹೋಗಿ ಓದಿದಳು. ಸಪ್ಲೈ ಚೈನ್ ಮತ್ತು ಪ್ರೊಡಕ್ಷನ್ ಪ್ಲಾನಿಂಗ್ ತರಬೇತಿ. ಹನ್ನೆರಡು ದಿನ. ಪರೀಕ್ಷೆಯಲ್ಲಿ ಪಾಸಾದ ಗುತ್ತಿಗೆ ಕಾರ್ಮಿಕರನ್ನು ಸ್ಟೋರ್ ಅಸಿಸ್ಟೆಂಟ್ ಎಂದು ಕಾಯಂ ಮಾಡಲಾಗುವುದು. ಕಾಯಂ ಎಂಬ ಎರಡಕ್ಷರಕ್ಕೆ ಅವಳು ಒಂಬತ್ತು ವರ್ಷ ಕಾದಿದ್ದಳು.

"ನಮ್ಮೊಳಗ ಪಿಯುಸಿ ಪಾಸಾದಾಕಿ ನೀನೊಬ್ಬಾಕಿನೇ ಅಕ್ಕ. ನಿನಗ ಬಿಟ್ಟು ಯಾರಿಗೆ ಕೊಡ್ತಾರ?" ಎಂದಳು ಜೊತೆಗೆ ಕ್ರೇಟು ಹೊರುವ ಮರೆವ್ವ.

ಪೀಣ್ಯ ಎರಡನೇ ಹಂತದ ಆ ಪಂಪ್ ಕಾರ್ಖಾನೆಯಲ್ಲಿ ಎರಡೇ ಜಾತಿ. ಕಾಯಂನವರು, ಗುತ್ತಿಗೆಯವರು. ಕಾಯಂನವರಿಗೆ ನೀಲಿ ಅಂಗಿ, ಕುರ್ಚಿ, ಕ್ಯಾಂಟೀನಿನಲ್ಲಿ ಸ್ಟೀಲಿನ ತಟ್ಟೆ. ಗುತ್ತಿಗೆಯವರಿಗೆ ಬೂದು ಅಂಗಿ, ನೆಲ, ಕಾಗದದ ತಟ್ಟೆ. ಶಹಾಪುರದ ಕಡೆಯ ಊರಿನಲ್ಲಿ ಚಹಾದಂಗಡಿಯವನು ಅವಳ ಕೇರಿಯವರಿಗೆ ಬೇರೆ ಲೋಟ ಇಡುತ್ತಿದ್ದ. ಗಂಡ ತೀರಿಕೊಂಡ ಮೇಲೆ ಅತ್ತೆ ಮುದುಕವ್ವನನ್ನು ಕರೆದುಕೊಂಡು ಬೆಂಗಳೂರಿನ ಬಸ್ಸು ಹತ್ತಿದಾಗ ಆ ಲೋಟವನ್ನು ಅಲ್ಲೇ ಬಿಟ್ಟು ಬಂದೆ ಎಂದುಕೊಂಡಿದ್ದಳು. ಕ್ಯಾಂಟೀನಿನ ಕಾಗದದ ತಟ್ಟೆ ಕೈಗೆ ಬಂದ ದಿನ ಅವಳಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು.

ಕೆಲಸ ಎಂದರೆ ಹೊರುವುದು. ಇಪ್ಪತ್ತೈದು ಕಿಲೋದ ಕ್ರೇಟು. ಲಾರಿಯಿಂದ ಇಳಿಸು, ಹೊರು, ತೂಗು, ಎದೆಯೆತ್ತರದ ರ‍್ಯಾಕಿಗೆ ಏರಿಸು. ದಿನಕ್ಕೆ ತೊಂಬತ್ತು ಸಲ, ನೂರು ಸಲ. ಎಣ್ಣೆ ಹಚ್ಚಿದ ಉಕ್ಕು ಬೆರಳ ಸಂದುಗಳನ್ನು ತಿಂದುಹಾಕಿತ್ತು. ರೊಟ್ಟಿ ತಟ್ಟುವಾಗ ಹಿಟ್ಟಿನೊಳಗಿನ ಉಪ್ಪು ತಾಗಿ ಕೈ ಉರಿಯುತ್ತಿತ್ತು. ಸೊಂಟ ಹಿಡಿದುಕೊಂಡರೆ ಗೋಡೆಗೆ ಒರಗಬಹುದಿತ್ತು, ಕೂರುವಂತಿರಲಿಲ್ಲ. ಸ್ಟೋರಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಅದು ಪ್ಲಾನಿಂಗ್ ಮ್ಯಾನೇಜರ್ ಶಶಿಕುಮಾರ್ ಬಂದಾಗ ಕೂರಲಿಕ್ಕೆ ಇಟ್ಟದ್ದು.

ಆದರೆ ಆ ಸ್ಟೋರು ಅವಳ ಅಂಗೈ ಮೇಲಿತ್ತು. ಯಾವ ಬಿನ್ನಿನಲ್ಲಿ ಏನಿದೆ, ಎಷ್ಟಿದೆ, ಎಂದಿಗೆ ಮುಗಿಯುತ್ತದೆ ಎನ್ನುವುದನ್ನು ಬಿನ್ ಅಲುಗಿಸಿಯೇ ಹೇಳುತ್ತಿದ್ದಳು. ಅದರಲ್ಲೂ ಉಂಗುರ. ಪಂಪಿನೊಳಗಿನ ದಂಡವನ್ನು ಹಿಡಿದಿಡುವ, ಬೆರಳಿನ ಉಂಗುರದಷ್ಟೇ ದೊಡ್ಡ ಉಕ್ಕಿನ ಬಳೆ ಅದು. ಕಂಪ್ಯೂಟರಿನಲ್ಲಿ ಅದಕ್ಕೆ ಉದ್ದದ ನಂಬರು, ಕೆಲಸದವರ ಬಾಯಲ್ಲಿ ಬರೀ ಉಂಗುರ. ಅದಿಲ್ಲದೆ ಒಂದು ಪಂಪೂ ಮುಚ್ಚುವುದಿಲ್ಲ. ಕೂರಿಸುವಾಗ ಇಕ್ಕಳದಿಂದ ಚಿಮ್ಮಿ ಎಲ್ಲೋ ಹಾರುತ್ತದೆ. ಮಿಷನ್ನಿನ ಕೆಳಗೆ ಹೋದದ್ದು ಹೋಯಿತು. ದಿನಕ್ಕೆ ಹತ್ತು ಹನ್ನೆರಡು ಹೀಗೆ ಮಾಯವಾಗುತ್ತಿದ್ದವು. ಅದನ್ನು ಯಾರೂ ಬರೆಯುತ್ತಿರಲಿಲ್ಲ. ಬರೆದರೆ ಪಂಪು ಜೋಡಿಸುವ ಲೈನಿನವನಿಗೆ ಬೈಗುಳ.

ಉಂಗುರ ಮಾಡಿಕೊಡುತ್ತಿದ್ದದ್ದು ಟಿ. ದಾಸರಹಳ್ಳಿಯ ಸಣ್ಣ ಶೆಡ್ಡಿನ ಲಕ್ಷ್ಮಯ್ಯ. ಹಳೇ ಕಾಲದ ಮನುಷ್ಯ. ಸಾವಿರದ ಚೀಲಕ್ಕೆ ಒಂದು ಹಿಡಿ ಕೊಸರು ಹಾಕಿಯೇ ಕಟ್ಟುತ್ತಿದ್ದ. ಮಹಾನಂದಾ ಆ ಹಿಡಿಯನ್ನು ಎಣಿಸಿ ತೆಗೆದು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿಡುತ್ತಿದ್ದಳು. ಡಬ್ಬಿ ರ‍್ಯಾಕಿನ ಮೇಲೆ ಎಲ್ಲರ ಕಣ್ಣೆದುರಿಗೇ ಇತ್ತು. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಎಷ್ಟಿವೆ ಎಂದು ಬರೆದಿರುತ್ತಿತ್ತು. ಕಂಪ್ಯೂಟರ್ ಇದೆ ಎನ್ನುತ್ತದೆ, ಬಿನ್ನು ಇಲ್ಲ ಎನ್ನುತ್ತದೆ, ಆಗ ಶಶಿಕುಮಾರ್ ಓಡಿ ಬರುತ್ತಿದ್ದ. "ಮಹಾನಂದಾ, ನಿನ್ನ ಡಬ್ಬಿ ತೆಗಿ. ಮಾನ ಉಳ್ಸು." ಅವಳು ತೆಗೆಯುತ್ತಿದ್ದಳು. ಅವನ ಮಾನ ಉಳಿಯುತ್ತಿತ್ತು. ಒಂಬತ್ತು ವರ್ಷದಲ್ಲಿ ಅದೆಷ್ಟು ಸಲ ಉಳಿಯಿತೋ ಅವನಿಗೇ ಗೊತ್ತು.

ಪಟ್ಟಿ ಅಂಟಿಸಿದ ವಾರದೊಳಗೆ ತರಬೇತಿ ಕೊಡುವವನು ಬಂದ. ಸಿದ್ದಾರ್ಥ್ ಎಂದು ಹೆಸರು, ವೈಟ್‌ಫೀಲ್ಡಿನಿಂದ ಬಂದವನು. ಪಾಠ ಶುರುವಾಗುವ ಮೊದಲು ಕಾರ್ಖಾನೆಯನ್ನು ಒಮ್ಮೆ ನೋಡಬೇಕು ಎಂದು ಎಂ.ಡಿ.ಯನ್ನೂ ಶಶಿಕುಮಾರನನ್ನೂ ಹಿಂದಿಟ್ಟುಕೊಂಡು ಸ್ಟೋರಿಗೆ ಇಳಿದ. ಅವನ ಕಣ್ಣಿಗೆ ಬಿದ್ದದ್ದು ಡಬ್ಬಿ.

"ಇದೇನಿದು? ಯಾವ ಪಾರ್ಟು? ಸಿಸ್ಟಮ್‌ನಲ್ಲಿ ಇದೆಯಾ?"

ಮಹಾನಂದಾ ಮುಂದೆ ಬಂದಳು. ಹೆಮ್ಮೆಯಿಂದಲೇ ಬಂದಳು. ಮೂರನೆಯ ಹೆಸರು ತನ್ನದು, ಸಾಹೇಬರು ಪರೀಕ್ಷೆಗೆ ಮೊದಲೇ ಕೇಳುತ್ತಿದ್ದಾರೆ ಎಂದುಕೊಂಡಳು ಪಾಪ.

"ಅದು ಕೊಸರು ರೀ ಸರ. ಕೊಸರು ಲೆಕ್ಕದಾಗ ಬರೂದಿಲ್ಲ."

ಎಂ.ಡಿ. ದೊಡ್ಡ ದೊಡ್ಡ ಊರುಗಳಲ್ಲಿ ಬೆಳೆದವರು. ಅವರಿಗೆ ಆ ಮಾತು ತಿಳಿಯಲಿಲ್ಲ. "ಕೊಸರು ಅಂದ್ರೆ?" ಎಂದು ಶಶಿಕುಮಾರನತ್ತ ತಿರುಗಿದರು.

ಶಶಿಕುಮಾರನಿಗೆ ಕೊಸರು ಗೊತ್ತಿಲ್ಲವೇ? ಅವನ ತಾಯಿ ಇವತ್ತಿಗೂ ಸೊಪ್ಪಿನವಳ ಹತ್ತಿರ ಒಂದು ಕಂತೆ ಕೊತ್ತಂಬರಿಗೆ ಜಗಳವಾಡಿ ಕೊಸರು ಕೀಳುತ್ತಾಳೆ. ಅವನು ಡಬ್ಬಿಯನ್ನು ನೋಡಿದ, ಎಂ.ಡಿ.ಯನ್ನು ನೋಡಿದ, ಸಿದ್ದಾರ್ಥನ ಕೈಲಿದ್ದ ಟ್ಯಾಬನ್ನು ನೋಡಿದ. ತನಗೂ ಆ ಡಬ್ಬಿಗೂ ಸಂಬಂಧವಿದೆ ಎಂದರೆ ತನ್ನ ಪ್ಲಾನಿಂಗಿನ ಬಂಡವಾಳ ಬಯಲಾಗುತ್ತದೆ.

"ಅನ್‌ಅಕೌಂಟೆಡ್ ಮೆಟೀರಿಯಲ್ ಸಾರ್," ಎಂದ. ಆಮೇಲೆ ಅವಳ ಕಡೆ ತಿರುಗಿ, "ಏನಿದು ಮಹಾನಂದಾ? ನಂಗೆ ಒಂದು ಮಾತೂ ಹೇಳ್ದೆ ಹೀಗೆಲ್ಲಾ ಇಟ್ಕೋಬೋದಾ?"

ಮಹಾನಂದಾ ಅವನ ಮುಖವನ್ನೇ ನೋಡಿದಳು. ಆ ಮುಖದಲ್ಲಿ ನಾಚಿಕೆಯ ಒಂದು ಗೆರೆಯೂ ಇರಲಿಲ್ಲ. ಕೊಸರು ಎಂಬ ಮಾತು ಅವನ ಬಾಯಲ್ಲಿ ಇಂಗ್ಲಿಷಾಗುವಷ್ಟರಲ್ಲಿ ಕಳ್ಳಮಾಲಾಗಿತ್ತು. ಸಿದ್ದಾರ್ಥ್ ಡಬ್ಬಿಯ ಫೋಟೋ ಹೊಡೆದುಕೊಂಡ. ಡಬ್ಬಿಯಲ್ಲಿದ್ದದ್ದು ನಾನೂರ ಹನ್ನೆರಡು ಉಂಗುರ. ಅವನ್ನು ಬಿನ್ನಿಗೆ ಸುರಿದು ಕಂಪ್ಯೂಟರಿಗೆ ಏರಿಸಿದರು. ಮುಂದಿನ ಆರ್ಡರಿನಲ್ಲಿ ಅಷ್ಟನ್ನೂ ಕಡಿತ ಮಾಡಿದರು. ಇನ್ನು ಮೇಲೆ ಸಾವಿರ ಎಂದರೆ ಸಾವಿರ, ಒಂದೂ ಹೆಚ್ಚು ಕಳಿಸಕೂಡದು ಎಂದು ಲಕ್ಷ್ಮಯ್ಯನಿಗೆ ಪತ್ರ ಹೋಯಿತು.

ಮಧ್ಯಾಹ್ನ ಲೇಬರ್ ಕಂಟ್ರಾಕ್ಟರ್ ಆಂಜಿನಪ್ಪ ಬಂದ. ಕಾರ್ಖಾನೆಗಳು ಬರುವ ಮೊದಲು ಇಲ್ಲಿ ಅವನಪ್ಪನ ರಾಗಿ ಹೊಲವಿತ್ತು. ಈಗ ಅವನಿಗೆ ರಾಜಗೋಪಾಲನಗರದಲ್ಲಿ ನಾಲ್ಕಂತಸ್ತಿನ ವಠಾರ. ಮಹಾನಂದಾಳ ಬಾಡಿಗೆ ಕೋಣೆಯೂ ಅದರಲ್ಲೇ.

"ನೋಡಮ್ಮಿ, ಒಂದು ಕಾಗ್ದ ಬರ್ಕೊಟ್ಬುಡು, ಮುಗ್ದೋಯ್ತದೆ. ಇಲ್ಲಾಂದ್ರೆ ಕೆಲ್ಸಾನೂ ಇಲ್ಲ, ರೂಮೂ ಇಲ್ಲ. ಆ ಮುದ್ಕೀನ ಕಟ್ಕೊಂಡು ಎಲ್ಲಿಗೋಯ್ತೀಯ?"

ಕಾಗದ ಹೇಳಿ ಬರೆಸಿದವನು ಶಶಿಕುಮಾರ್. ಅವನು ಕುರ್ಚಿಯಲ್ಲಿ ಕೂತಿದ್ದ. ಅವಳು ನಿಂತುಕೊಂಡು, ಕ್ರೇಟಿನ ಮೇಲೆ ಹಾಳೆಯಿಟ್ಟು ಬರೆದಳು. 'ಲೆಕ್ಕಕ್ಕೆ ಸೇರದ ಮಾಲನ್ನು ನಾನು ಬಚ್ಚಿಟ್ಟಿದ್ದೆ. ಇದು ಕಳ್ಳತನಕ್ಕೆ ಸಮ ಎಂದು ನನಗೆ ತಿಳಿದಿದೆ. ಇನ್ನು ಮುಂದೆ ಒಂದು ಸಾಮಾನನ್ನೂ ಪಕ್ಕಕ್ಕೆ ಎತ್ತಿಡುವುದಿಲ್ಲ. ಸಿಸ್ಟಮ್ ಹೇಳಿದಷ್ಟನ್ನೇ ಮಾಡುತ್ತೇನೆ. ನನ್ನ ಸ್ವಂತ ಬುದ್ಧಿ ಉಪಯೋಗಿಸುವುದಿಲ್ಲ.' ಕೊನೆಯ ವಾಕ್ಯವನ್ನು ಅವನು ಎರಡು ಸಲ ಹೇಳಿದ. ಅವಳ ಅಕ್ಷರ ಗುಂಡಗೆ, ಮುದ್ದಾಗಿತ್ತು. ಊರ ಶಾಲೆಯಲ್ಲಿ ಆ ಅಕ್ಷರಕ್ಕೆ ಬಹುಮಾನ ಬಂದಿತ್ತು. ಸಹಿ ಹಾಕುವಾಗ ಆ ಬಹುಮಾನ ನೆನಪಾಗಿ ಅವಳಿಗೆ ಅಳು ಬಂತು, ಆದರೆ ಅವನ ಎದುರು ಅಳಲಿಲ್ಲ.

ಸಂಜೆ ಪಟ್ಟಿಯಲ್ಲಿ ಮೂರನೆಯ ಹೆಸರಿನ ಮೇಲೆ ಗೆರೆ ಎಳೆದಿತ್ತು. ಅದರ ಜಾಗಕ್ಕೆ ಬಂದ ಹೆಸರು ಮನು. ಶಶಿಕುಮಾರನ ಅಕ್ಕನ ಮಗ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಗೇಟಿನಲ್ಲಿ ದಿನಾ ಅವಳೊಬ್ಬಳನ್ನೇ ಸಾಲಿನಿಂದ ಈಚೆ ಕರೆದು ತಡಕತೊಡಗಿದರು. ಬುತ್ತಿಯ ಡಬ್ಬಿ ತೆಗೆಸಿದರು. ಸೆಕ್ಯುರಿಟಿಯ ವಸಂತಮ್ಮ ಕುಪ್ಪಸದ ಅಂಚಿನೊಳಗೆ ಬೆರಳು ಹಾಕಿ ನೋಡಿದಳು. "ಮೇಲಿನೋರ ಆರ್ಡರು ಕಣಕ್ಕ, ಬೇಜಾರ್ ಮಾಡ್ಕೋಬೇಡ," ಎಂದಳು, ಕೈ ಮಾತ್ರ ತೆಗೆಯಲಿಲ್ಲ. ಹಿಂದೆ ಸಾಲಿನಲ್ಲಿದ್ದ ಗಂಡಸರು ಇದನ್ನು ನೋಡುತ್ತ ನಿಂತಿದ್ದರು.

ಸುದ್ದಿ ಅವಳಿಗಿಂತ ಮೊದಲೇ ವಠಾರ ಮುಟ್ಟಿತು. ಮಹಾನಂದಾ ಉಂಗುರ ಕದ್ದಳಂತೆ. ಕಾರ್ಖಾನೆಯ ಉಂಗುರ ಎಂಥದ್ದು ಎಂದು ವಠಾರಕ್ಕೇನು ಗೊತ್ತು? ಉಂಗುರ ಎಂದರೆ ಚಿನ್ನವೇ. ಎಂ.ಡಿ.ಯ ಹೆಂಡತಿಯ ವಜ್ರದ್ದಂತೆ, ವಾಶ್ ಬೇಸಿನ್ ಹತ್ತಿರ ತೆಗೆದಿಟ್ಟದ್ದಂತೆ. ನಲ್ಲಿಯ ಹತ್ತಿರ ಎದುರು ಮನೆಯ ಜ್ಯೋತಿಲಕ್ಷ್ಮಿ ಅವಳನ್ನು ಕಂಡು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಕೈಯಲ್ಲಿ ಅರ್ಧ ಗ್ರಾಮಿನ ಒಂದು ಉಂಗುರವಿತ್ತು. ಇವಳ ಮನೆಯ ಸಾರು, ಅವಳ ಮನೆಯ ಪಲ್ಯ ಎಂದು ಆರು ವರ್ಷ ಬಟ್ಟಲು ಬದಲಾಯಿಸಿದವರು ಇಬ್ಬರೂ.

ಎಲ್ಲಕ್ಕಿಂತ ಹೆಚ್ಚು ನೋಯಿಸಿದವಳು ಮುದುಕವ್ವ. ಸೊಸೆಯ ಪಕ್ಕ ಬಂದು ಕೂತು, ಯಾರಿಗೂ ಕೇಳಿಸದ ಹಾಗೆ ಹೇಳಿದಳು: "ಯಾರದರ ಆಗಲಿ, ಕೊಟ್ಟು ಬಾ ತಂಗಿ. ನಮಗ್ಯಾಕ ಬೇಕು ಬಂಗಾರ."

"ನೀನೂನಾ ಅತ್ತಿ?" ಎಂದಳು ಮಹಾನಂದಾ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವಳ ಮಾನ ಅಡಿಕೆಗೂ ಹೋಗಿರಲಿಲ್ಲ, ಉಂಗುರದ ಚೀಲಕ್ಕೆ ಹಾಕುವ ಕೊಸರಿಗೆ ಹೋಗಿತ್ತು. ಅವಳು ಅತ್ತೆಗೆ ಬೆನ್ನು ಹಾಕಿ ಕೂತಳು.

ಮುಂದಿನ ವಾರ ತರಬೇತಿ ಶುರುವಾಯಿತು. ಮಹಾನಂದಾಳಿಗೂ ಅಲ್ಲಿ ಕೆಲಸ ಸಿಕ್ಕಿತು. ಕುರ್ಚಿ ಹೊತ್ತು ಸಾಲಾಗಿ ಇಡುವುದು, ಹನ್ನೊಂದಕ್ಕೂ ನಾಲ್ಕಕ್ಕೂ ಟೀ ಕೊಡುವುದು. ಇಪ್ಪತ್ತು ಕುರ್ಚಿಗಳನ್ನು ಎರಡು ಮಹಡಿ ಹೊತ್ತಳು. ಮೂರನೆಯ ದಿನ ಟೀ ಹಿಡಿದು ಒಳಗೆ ಹೋದಾಗ ಗೋಡೆಯ ಮೇಲೆ ಅವಳ ಡಬ್ಬಿ ಆಳೆತ್ತರಕ್ಕೆ ನಿಂತಿತ್ತು. ಮುಚ್ಚಳದ ಮೇಲಿನ ಅವಳ ಸೀಮೆಸುಣ್ಣದ ಅಂಕಿ ಕೂಡ ಕಾಣುತ್ತಿತ್ತು.

"ಇದು ಫ್ಯಾಕ್ಟರಿಗೆ ಹಿಡಿದಿರೋ ಕ್ಯಾನ್ಸರ್," ಎನ್ನುತ್ತಿದ್ದ ಸಿದ್ದಾರ್ಥ್. ಎಲ್ಲರೂ ನಕ್ಕರು. ಮನು ತಿರುಗಿ ಅವಳನ್ನು ನೋಡಿ ನಕ್ಕ.

ಐದನೆಯ ದಿನ ಅವಳು ಲೋಟ ಎತ್ತುತ್ತಿದ್ದಳು. ಸಿದ್ದಾರ್ಥ್ ಹಲಗೆಯ ಮೇಲೆ ದೊಡ್ಡದೊಂದು ಸೂತ್ರ ಬರೆದು ಹೇಳಿದ: "ಎಷ್ಟೇ ಕರೆಕ್ಟಾಗಿ ಪ್ಲಾನ್ ಮಾಡಿ, ಎಲ್ಲೋ ಒಂದು ಕಡೆ ಹೆಚ್ಚು ಕಮ್ಮಿ ಆಗೇ ಆಗುತ್ತೆ. ಅದಕ್ಕೇ ಬುದ್ಧಿ ಇರೋ ಪ್ಲಾನರ್ ಒಂದಿಷ್ಟು ಮಾಲು ಪಕ್ಕಕ್ಕೆ ಇಟ್ಟಿರ್ತಾನೆ. ಇದಕ್ಕೆ ಸೇಫ್ಟಿ ಸ್ಟಾಕ್ ಅಂತೀವಿ. ಬರ್ಕೊಳ್ಳಿ, ಪರೀಕ್ಷೆಗೆ ಬರುತ್ತೆ."

ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಶಶಿಕುಮಾರನೂ ಬರೆದುಕೊಂಡ. ಇದನ್ನೇ ಮಹಾನಂದಾ ಒಂಬತ್ತು ವರ್ಷ ಮಾಡಿದ್ದಳು. ಸೂತ್ರವಿಲ್ಲದೆ, ಕುರ್ಚಿಯಿಲ್ಲದೆ, ಹರಿದ ಬೆರಳಿನಲ್ಲಿ ಮಾಡಿದ್ದಳು. ಅವರು ಇಟ್ಟರೆ ಪಾಠ, ಇವಳು ಇಟ್ಟರೆ ಕಳವು. ಕದ್ದವರು ಯಾರು ಎಂದು ಅವಳಿಗೆ ಅವತ್ತು ಸ್ಪಷ್ಟವಾಗಿ ಗೊತ್ತಾಯಿತು. ಅವತ್ತೇ ಅವಳು ತೀರ್ಮಾನಿಸಿಯೂ ಬಿಟ್ಟಳು. ಬರೆದುಕೊಟ್ಟ ಮಾತಿಗೆ ತಪ್ಪಬಾರದು.

ಲೈನಿನಿಂದ ಸಾಮಾನು ಕೇಳುವ ಇಂಡೆಂಟ್ ಚೀಟಿ ಬಂದರೆ ಚೀಟಿಯಲ್ಲಿದ್ದಷ್ಟೇ ಕೊಟ್ಟಳು. ಉಂಗುರ ಚಿಮ್ಮಿ ಮಿಷನ್ನಿನ ಕೆಳಗೆ ಹೋದರೆ ಬಗ್ಗಿ ಹುಡುಕಲಿಲ್ಲ. ಬಿನ್ ಅಲುಗಿಸಿದಾಗ ಅದರ ಸದ್ದು ದಿನಾ ತೆಳುವಾಗುತ್ತಿತ್ತು. ಲಕ್ಷ್ಮಯ್ಯನ ಚೀಲದಲ್ಲಿ ಸಾವಿರ ಎಂದರೆ ಸಾವಿರವೇ ಬಂತು. ಕಂಪ್ಯೂಟರಿನ ಲೆಕ್ಕಕ್ಕೂ ಬಿನ್ನಿನ ಲೆಕ್ಕಕ್ಕೂ ಡಬ್ಬಿ ಸುರಿದ ದಿನವೇ ಹನ್ನೆರಡರ ವ್ಯತ್ಯಾಸ ಬಿದ್ದಿತ್ತು, ಮಾರನೆಯ ದಿನ ಇಪ್ಪತ್ನಾಲ್ಕು, ಆಮೇಲೆ ಮೂವತ್ತಾರು. ಅವಳು ಅಂದಿನಿಂದಲೇ ಮನಸ್ಸಿನಲ್ಲಿ ಎಣಿಸುತ್ತ ಬಂದಿದ್ದಳು. ಯಾವ ದಿನ ಯಾವ ಹೊತ್ತಿಗೆ ತಳ ಕಾಣುತ್ತದೆ ಎನ್ನುವುದನ್ನೂ ಎಣಿಸಿದಳು. ಅದು ತರಬೇತಿಯ ಕೊನೆಯ ದಿನಕ್ಕೆ ಬಂದು ನಿಂತಾಗ ಅವಳಿಗೆ ದೇವರ ಮೇಲೆ ಮೊದಲ ಸಲ ಸ್ವಲ್ಪ ನಂಬಿಕೆ ಬಂತು. ಅವತ್ತು ಪುಣೆಯ ದೊಡ್ಡ ಗಿರಾಕಿ ಬರುವವನಿದ್ದ. ನೂರೆಂಬತ್ತು ಪಂಪು ಸಂಜೆಯೊಳಗೆ ಲಾರಿ ಏರಬೇಕಿತ್ತು. ಏರದಿದ್ದರೆ ಇಡೀ ವರ್ಷದ ಆರ್ಡರು ಬೇರೆಯವರ ಪಾಲು.

"ಅಕ್ಕ, ಸಾಹೇಬ್ರಿಗಿ ಒಂದ್ ಮಾತು ಹೇಳಬಾರದಾ?" ಎಂದಳು ಮರೆವ್ವ ಹಿಂದಿನ ದಿನ. ಬಿನ್ನಿನ ಸದ್ದು ಅವಳಿಗೂ ಕೇಳಿಸಿತ್ತು.

"ಸ್ವಂತ ಬುದ್ಧಿ ಉಪಯೋಗಿಸಬಾರದು ಅಂತ ಬರಕೊಟ್ಟೀನಿ," ಎಂದಳು ಮಹಾನಂದಾ.

ಆ ದಿನ ಬಂತು. ಮೇಲೆ ಸರ್ಟಿಫಿಕೇಟು ಹಂಚುವ ಸಮಾರಂಭ. ಗಿರಾಕಿ ಮುಂದಿನ ಸಾಲಿನಲ್ಲಿ ಕೂತಿದ್ದ. ಮನುವಿನ ಕೊರಳಿಗೆ ಪದಕ. ಮೂರು ಗಂಟೆಗೆ ಕೆಳಗೆ ಲೈನು ನಿಂತಿತು. ಕಂಪ್ಯೂಟರ್ ಪ್ರಕಾರ ಉಂಗುರ ಇನ್ನೂರ ನಲವತ್ತು. ಬಿನ್ನಿನಲ್ಲಿ ನಾಲ್ಕು. ಬೆಳಗಿನಿಂದ ನಿಂತೇ ಇದ್ದ ಅಸೆಂಬ್ಲಿಯ ಗುತ್ತಿಗೆ ಹೆಂಗಸರು ನೆಲದ ಮೇಲೆ ಕೂತು ಕಾಲು ಚಾಚಿದರು.

ಶಶಿಕುಮಾರ್ ಓಡಿ ಬಂದ. ಬಿನ್ ನೋಡಿದ, ತಲೆಕೆಳಗು ಮಾಡಿದ, ಪಕ್ಕದ ಬಿನ್ನುಗಳನ್ನೂ ಸುರಿದ. ಲಕ್ಷ್ಮಯ್ಯನಿಗೆ ಫೋನು ಹಚ್ಚಿದ. ಫೋನಿನ ದನಿ ಎಲ್ಲರಿಗೂ ಕೇಳಿಸಿತು: "ಒಂದೂ ಜಾಸ್ತಿ ಮಾಡ್ಬೇಡಿ ಅಂತ ಲೆಟರ್ ಕಳ್ಸಿದ್ರಲ್ಲ ಸಾರ್. ಈಗ ಕೈಯಲ್ಲಿ ಒಂದೂ ಇಲ್ಲ. ಹೊಸ್ದಾಗಿ ಮಾಡ್ಬೇಕು, ಮೂರು ದಿನ ಬೇಕು."

ಸಿದ್ದಾರ್ಥ್ ಬಂದ. ಎಂ.ಡಿ. ಬಂದರು. ಗಿರಾಕಿ ಮೆಟ್ಟಿಲ ಮೇಲೆ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ. ಶಶಿಕುಮಾರ್ ಮಹಾನಂದಾಳ ಹತ್ತಿರ ಬಂದು ದನಿ ತಗ್ಗಿಸಿದ. ಅವನ ಹಣೆಯ ಬೆವರು ಅವಳಿಗೆ ಹತ್ತಿರದಿಂದ ಕಂಡಿತು.

"ಮಹಾನಂದಾ, ಎಲ್ಲಾದ್ರೂ ಒಂದಿಷ್ಟು ಇದ್ರೆ ತೆಗಿ. ನಿಂಗೆ ಕೈ ಮುಗೀತೀನಿ."

ಉಂಗುರ ಇದ್ದವು. ಹಿಂದಿನ ತಗಡಿನ ಶೆಡ್ಡಿನಲ್ಲಿ, ಹೊರಮೈ ಬಿರುಕು ಬಿಟ್ಟು ವಾಪಸು ಬಂದ ಇನ್ನೂರು ಪಂಪುಗಳಿದ್ದವು. ಅವಳೂ ಮರೆವ್ವನೂ ಹೊತ್ತು ಪೇರಿಸಿದ್ದು. ಒಂದೊಂದರ ಒಳಗೂ ಒಂದೊಂದು ಗಟ್ಟಿ ಉಂಗುರ ಕೂತಿತ್ತು. ನಾಲ್ಕು ಜನ ಇಕ್ಕಳ ಹಿಡಿದರೆ ಒಂದೂವರೆ ಗಂಟೆಯ ಕೆಲಸ. ಕಂಪ್ಯೂಟರಿನಲ್ಲಿ ಅವು ಗುಜರಿ, ಬೆಲೆ ಸೊನ್ನೆ. ಇಲ್ಲಿಯವರೆಗೆ ಯಾವ ಮ್ಯಾನೇಜರೂ ಆ ಶೆಡ್ಡಿನ ಬಾಗಿಲು ದಾಟಿರಲಿಲ್ಲ. ಮರೆವ್ವ ಬಾಯಿ ತೆರೆದಳು. ಮಹಾನಂದಾ ಅವಳ ಮುಂಗೈಯನ್ನು ಗಟ್ಟಿಯಾಗಿ ಚಿವುಟಿದಳು.

"ಕಾಯಂ ತಾನೇ ನಿಂಗೆ ಬೇಕಾಗಿರೋದು?" ಎಂ.ಡಿ. ಮುಂದೆ ಬಂದರು. "ನಾಳೆ ಬೆಳಗ್ಗೆ ಲೆಟರ್ ಕೊಡ್ತೀನಿ. ಪ್ರಾಮಿಸ್. ಎಲ್ಲಿ ಬಚ್ಚಿಟ್ಟಿದೀಯಾ ಹೇಳು."

ಕಾಯಂ. ನೀಲಿ ಅಂಗಿ, ಕುರ್ಚಿ, ಆಂಜಿನಪ್ಪನ ಹಂಗಿಲ್ಲದ ಕೆಲಸ. ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಅವರು ಬಚ್ಚಿಟ್ಟಿದೀಯಾ ಎಂದಿದ್ದರು. ಕೊಡುವ ಕೈಯಲ್ಲೂ ಕಳ್ಳಿ ಎಂಬ ಮಾತನ್ನು ಹಿಡಿದುಕೊಂಡೇ ಕೊಡುತ್ತಿದ್ದರು.

"ನಾ ಬರದದ್ದು ಕಾಗದ ಅದ ಅಲ್ಲರಿ, ಅದನ್ನ ತರಸ್ರಿ," ಎಂದಳು. "ಶಶಿಕುಮಾರ್ ಸರ ಎಲ್ಲರಿಗಿ ಕೇಳೂವಂಗ ಓದಲಿ."

"ಈಗ ಅದಕ್ಕೆಲ್ಲಾ ಟೈಮಿಲ್ಲ—"

"ನನಗ ಅದ ರೀ ಟೈಮು."

ಎಂ.ಡಿ. ಕೈಸನ್ನೆ ಮಾಡಿದರು. ಟೈಮ್ ಆಫೀಸಿನಿಂದ ಫೈಲು ಬಂತು. ಶಶಿಕುಮಾರ್ ಓದಿದ. ನಡುವೆ ಅವನ ದನಿ ಕುಸಿಯಿತು. ನೆಲದ ಮೇಲೆ ಕೂತಿದ್ದ ಹೆಂಗಸರಲ್ಲಿ ಯಾರೋ, "ಜೋರಾಗಿ ಓದಿ ಸಾರ್, ಕೇಳ್ಸಲ್ಲ," ಎಂದರು. ಒಂದು ಸಾಮಾನನ್ನೂ ಪಕ್ಕಕ್ಕೆ ಎತ್ತಿಡುವುದಿಲ್ಲ. ನನ್ನ ಸ್ವಂತ ಬುದ್ಧಿ ಉಪಯೋಗಿಸುವುದಿಲ್ಲ.

"ಬರಕೊಟ್ಟಂಗ ನಡಕೊಂಡೀನ್ರಿ," ಎಂದಳು ಮಹಾನಂದಾ. "ನಿಮ್ಮ ಮಾನ ಹೋಗೂದು ಇಪ್ಪತ್ತು ದಿನದಿಂದ ನನಗ ಗೊತ್ತಿತ್ತು. ದಿನಾ ಎಣಿಸೀನಿ. ನಾ ಇಟ್ಟಿದ್ದು ಕೊಸರು ಅಂತ ನಿಮಗ ಗೊತ್ತಿತ್ತಲ್ಲ ಸರ? ಗೊತ್ತಿದ್ದೂ ಕಳ್ಳಿ ಮಾಡಿದ್ರಿ. ಈಗ ನಿಮ್ಮ ಸೂತ್ರ ಹಚ್ಚಿ ಉಂಗುರ ಹುಟ್ಟಸ್ರಿ."

ಎಂ.ಡಿ. ಶಶಿಕುಮಾರನ ಕಡೆ ನೋಡಿದರು. "ನಿಮಗೆ ಗೊತ್ತಿತ್ತಾ?" ಅವನು ಫೈಲು ಮುಚ್ಚಿದ. ಸಿದ್ದಾರ್ಥ್ ತನ್ನ ಟ್ಯಾಬಿನಲ್ಲಿ ಏನನ್ನೋ ಹುಡುಕುತ್ತಿದ್ದ. ಗಿರಾಕಿ ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲಿಳಿದು ಕಾರಿನ ಕಡೆ ನಡೆದ. ಎಂ.ಡಿ. ಅವನ ಹಿಂದೆ ಓಡಿದರು. ಎಂ.ಡಿ. ಓಡಿದ್ದನ್ನು ಆ ಕಾರ್ಖಾನೆಯಲ್ಲಿ ಅವತ್ತಿನವರೆಗೆ ಯಾರೂ ಕಂಡಿರಲಿಲ್ಲ. ಮಹಾನಂದಾ ಕಣ್ತುಂಬ ನೋಡಿದಳು. ಅವಳ ಹೊಟ್ಟೆ ತಣ್ಣಗಾಯಿತು. ಅದನ್ನು ಮುಚ್ಚಿಡಬೇಕು ಎಂದು ಅವಳಿಗೆ ಅನ್ನಿಸಲಿಲ್ಲ.

"ನಾಳೆಯಿಂದ ಬರ್ಬ್ಯಾಡ ನೀನು. ರೂಮೂ ಖಾಲಿ ಮಾಡು," ಎಂದ ಆಂಜಿನಪ್ಪ.

"ಮಾಡ್ತೀನ್ರಿ. ರಾಜಗೋಪಾಲನಗರದಾಗ ರೂಮು ನಿಮ್ಮವೇ ಅಲ್ಲ," ಎಂದು ಬೂದು ಅಂಗಿ ಕಳಚಿ ಆ ಒಂದೇ ಕುರ್ಚಿಯ ಮೇಲೆ ಹಾಕಿದಳು.

ಐದರ ಸೈರನ್ ಆಯಿತು. ಶಶಿಕುಮಾರ್, ಮನು, ಸಿದ್ದಾರ್ಥ್ ಮೂವರೂ ಸಮಾರಂಭಕ್ಕೆ ತೊಟ್ಟ ಬಿಳಿ ಅಂಗಿಯಲ್ಲೇ ಮಂಡಿಯೂರಿ, ಮಿಷನ್ನುಗಳ ಕೆಳಗೆ ಕಡ್ಡಿ ಹಾಕಿ, ಎಣ್ಣೆ ಮೆತ್ತಿದ ಉಂಗುರಗಳನ್ನು ಒಂದೊಂದಾಗಿ ಕೆದಕುತ್ತಿದ್ದರು. ಅವನ್ನು ಪಕ್ಕಕ್ಕೆ ಎತ್ತಿಡುತ್ತಿದ್ದರು.

ಮಹಾನಂದಾಳೂ ಮರೆವ್ವನೂ ಹಿಂದಿನ ದಾರಿ ಹಿಡಿದರು. ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಪಂಪುಗಳು ಸಾಲಾಗಿ ಕೂತಿದ್ದವು. ಮರೆವ್ವ ನಿಂತಳು.

"ಇಲ್ಲೇ ಅವಲ್ಲ ಅಕ್ಕ. ಪಾಪ, ಹುಡುಕ್ಲಿಕತ್ತಾರ."

ಮಹಾನಂದಾ ಬಾಗಿಲನ್ನು ಎಳೆದು ಚಿಲಕ ಹಾಕಿದಳು.

"ಅವರ ಸಿಸ್ಟಮ್‌ನಾಗ ಇದ್ರ ಸಿಗ್ತಾವ, ನಡಿ."